ಸಮರ್ ಸ್ಕೂಲಿಗೆ ಹೊರಡುವ ಮುನ್ನ ನಿಮ್ಮ ಬೆಟ್ಟ ಅಳೆಯಿರಿ

ಸಂಕ್ರಾಂತಿ ಕಳೆದು ಅಡಿಕೆ ಕೊಯ್ಲು ಕೊನೆಗೆ ಬರುವ ಹೊತ್ತಿಗೆ ಈ ಅಂಕಣಕ್ಕೆ ಒಂದೇ ಬಗೆಯ ಪತ್ರಗಳು ಬರತೊಡಗುತ್ತವೆ. ‘ಮಗಳು ಅರಣ್ಯ ಕಾಲೇಜಿನಲ್ಲಿ ಮೂರನೇ ವರ್ಷದಲ್ಲಿದ್ದಾಳೆ. ಯುರೋಪಿನ ವಿಶ್ವವಿದ್ಯಾಲಯವೊಂದು ಜುಲೈನಲ್ಲಿ ಸುಸ್ಥಿರ ಅರಣ್ಯ ಮತ್ತು ಕೃಷಿಯ ಬಗ್ಗೆ ಸಮರ್ ಸ್ಕೂಲ್ ನಡೆಸುತ್ತದಂತೆ. ಹೋಗಲೇಬೇಕು ಅನ್ನುತ್ತಾಳೆ. ವಿಮಾನ, ಶುಲ್ಕ, ಊಟ, ವಸತಿ ಎಲ್ಲ ಸೇರಿ ಎರಡು ಲಕ್ಷ ದಾಟುತ್ತದೆ. ಕಳಿಸುವುದು ಸರಿಯೇ?’ ಬರೆಯುವವರಲ್ಲಿ ಹೆಚ್ಚಿನವರು ತೋಟದ ಮನೆಯವರು. ಆ ಎರಡು ಲಕ್ಷದ ಹಿಂದೆ ಎಷ್ಟು ಕ್ವಿಂಟಲ್ ಅಡಿಕೆ, ಎಷ್ಟು ಚೀಲ ಕಾಫಿ ಇದೆ ಎಂಬುದು ನನಗೂ ಗೊತ್ತು. ಹಾಗಾಗಿ ಒಂದು ಸಾಲಿನಲ್ಲಿ ಉತ್ತರಿಸಿ ಕೈತೊಳೆದುಕೊಳ್ಳಲು ಮನಸ್ಸು ಬರುವುದಿಲ್ಲ. ಕಳಿಸಿ ಎಂದೇ ನನ್ನ ಅಭಿಪ್ರಾಯ. ಆದರೆ ಹೊರಡುವ ಮುಂಚೆ ಮಗಳು ಊರಿನಲ್ಲೇ ಮುಗಿಸಬೇಕಾದ ಒಂದು ಕೆಲಸವಿದೆ. ಅದನ್ನು ಹೇಳುವುದಕ್ಕೆ ಸ್ವಲ್ಪ ದೂರದಿಂದಲೇ ಬರಬೇಕು.

ಸಮರ್ ಸ್ಕೂಲ್ ಎಂದರೆ ಪದವಿಯಲ್ಲ, ಕೆಲಸಕ್ಕೆ ಸಿಗುವ ರಹದಾರಿಯೂ ಅಲ್ಲ. ಎರಡು ಮೂರು ವಾರ ನಡೆಯುವ ಬಿಗಿಯಾದ ತರಬೇತಿ. ಹತ್ತಾರು ದೇಶಗಳ ಇಪ್ಪತ್ತು ಮೂವತ್ತು ವಿದ್ಯಾರ್ಥಿಗಳು ಒಂದೆಡೆ ಸೇರುತ್ತಾರೆ. ಬೆಳಿಗ್ಗೆ ಪಾಠ, ಆಮೇಲೆ ಕಾಡು ಇಲ್ಲವೇ ಹೊಲ, ರಾತ್ರಿ ಗುಂಪಿನಲ್ಲಿ ಕುಳಿತು ವರದಿ ಬರೆಯುವುದು. ಕೊನೆಯ ದಿನ ಪ್ರತಿ ಗುಂಪೂ ತಾನು ಕಂಡುಕೊಂಡದ್ದನ್ನು ಎಲ್ಲರೆದುರು ಮಂಡಿಸಬೇಕು. ಇದಕ್ಕೆ ಯುರೋಪಿನ ಲೆಕ್ಕದಲ್ಲಿ ಮೂರರಿಂದ ಆರು ಕ್ರೆಡಿಟ್ ಸಿಗುವುದುಂಟು. ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಗಳ ಕೆಲಸ, ಇಡೀ ವರ್ಷದ ಓದು 60 ಕ್ರೆಡಿಟ್. ಇಲ್ಲಿನ ಕಾಲೇಜು ಅದನ್ನು ಲೆಕ್ಕಕ್ಕೆ ಹಿಡಿಯುತ್ತದೋ ಇಲ್ಲವೋ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಹಿಡಿಯದಿದ್ದರೂ ಹೋಗಬಾರದು ಎಂದೇನಿಲ್ಲ. ಪ್ರಮಾಣಪತ್ರವೇ ಬೇಕಾದರೆ ಮನೆಯಲ್ಲಿ ಕುಳಿತೇ ಗಳಿಸಬಹುದಾದ ಆನ್‌ಲೈನ್ ಕೋರ್ಸುಗಳು ಬೇಕಾದಷ್ಟಿವೆ. ಅಷ್ಟು ಖರ್ಚು ಮಾಡಿ ಹೋಗುವುದು ಅಲ್ಲಿನ ಕಾಡನ್ನು ನೋಡುವುದಕ್ಕೆ. ಆ ಕಾಡು ಈಗ ಇರುವ ಸ್ಥಿತಿಯಲ್ಲೇ ಅದನ್ನು ನೋಡಬೇಕು ಎನ್ನುವುದಕ್ಕೆ ಕಾರಣವಿದೆ.

ಕೆಲವು ವರ್ಷಗಳ ಹಿಂದೆ ಅಂಥದೊಂದು ಶಿಬಿರದ ವಿದ್ಯಾರ್ಥಿಗಳ ಜೊತೆ ವರದಿಗಾಗಿ ಚೆಕ್ ದೇಶದ ಕಾಡುಗಳಲ್ಲಿ ಓಡಾಡಿದ್ದೆ. ಗುಡ್ಡದ ಒಂದು ಮಗ್ಗುಲು ಪೂರ್ತಿ ಬೂದು ಬಣ್ಣಕ್ಕೆ ತಿರುಗಿತ್ತು. ಸ್ಪ್ರೂಸ್ ಮರಗಳು ನಿಂತಲ್ಲೇ ಒಣಗಿದ್ದವು. ಜೊತೆಗಿದ್ದ ಅರಣ್ಯ ಶಿಕ್ಷಕರು ಒಂದು ಮರದ ತೊಗಟೆಗೆ ಚಾಕು ಹಾಕಿ ಎಬ್ಬಿಸಿದರು. ಅಂಗೈಯಗಲದ ತೊಗಟೆ ಸಲೀಸಾಗಿ ಕಳಚಿ ಬಂತು. ಅದರ ಒಳಮೈಯಲ್ಲಿ ಮೇಲಿನಿಂದ ಕೆಳಕ್ಕೆ ಒಂದು ನೇರ ಸುರಂಗ, ಅದರ ಎರಡೂ ಬದಿಗೆ ಹೊರಟ ಹತ್ತಾರು ಸಣ್ಣ ಸುರಂಗಗಳು. ಹೊರಟಲ್ಲಿ ದಾರದಷ್ಟು ತೆಳು, ಹೋಗುತ್ತ ಹೋಗುತ್ತ ದಪ್ಪ. ನಡುವಿನದು ತಾಯಿದುಂಬಿ ಮೊಟ್ಟೆಯಿಡಲು ಕೊರೆದದ್ದು, ಬದಿಯವು ಮರಿಹುಳುಗಳು ತಿನ್ನುತ್ತ ಬೆಳೆಯುತ್ತ ಸಾಗಿದ ಹಾದಿ. ದುಂಬಿಯ ಉದ್ದ ಸುಮಾರು ಐದು ಮಿಲಿಮೀಟರ್ ಅಷ್ಟೆ. ಮರದ ಆಹಾರ ಹರಿಯುವುದು ಆ ತೊಗಟೆಯ ಒಳಪದರದಲ್ಲೇ. ಸುತ್ತಲೂ ಅದು ತುಂಡಾಯಿತೆಂದರೆ ಎಂಬತ್ತು ನೂರು ವರ್ಷದ ಮರ ಒಂದೇ ಬೇಸಿಗೆಯಲ್ಲಿ ಮುಗಿಯುತ್ತದೆ.

ದುಂಬಿ ಹೊಸದಲ್ಲ, ಸ್ಪ್ರೂಸ್ ಇದ್ದಲ್ಲೆಲ್ಲ ಅದು ಹಿಂದಿನಿಂದಲೂ ಇದೆ. ಗಟ್ಟಿಮುಟ್ಟಾದ ಮರ ತೂತಿನಿಂದ ಅಂಟು ಸುರಿಸಿ ಅದನ್ನು ಹೊರದಬ್ಬುತ್ತದೆ. ಆದರೆ ಸ್ಪ್ರೂಸಿನ ಬೇರು ಆಳಕ್ಕಿಳಿಯುವುದಿಲ್ಲ. 2018ರಿಂದ ಮಧ್ಯ ಯುರೋಪಿನಲ್ಲಿ ಸಾಲುಸಾಲಾಗಿ ಬರ ಬಿತ್ತು. ನೀರಿಲ್ಲದ ಮರದಲ್ಲಿ ಅಂಟು ಹುಟ್ಟಲಿಲ್ಲ, ಸೆಕೆ ಹೆಚ್ಚಾದಂತೆ ದುಂಬಿ ಒಂದೇ ವರ್ಷದಲ್ಲಿ ಎರಡು ಮೂರು ತಲೆಮಾರು ಹಡೆಯಿತು. ಪಕ್ಕದಲ್ಲಿ ಇದ್ದದ್ದೂ ಸ್ಪ್ರೂಸೇ, ಅದರ ಪಕ್ಕದಲ್ಲೂ ಸ್ಪ್ರೂಸೇ, ಎಲ್ಲದಕ್ಕೂ ಒಂದೇ ವಯಸ್ಸು. ತಡೆಯುವವರೇ ಇರಲಿಲ್ಲ. ಚೆಕ್ ದೇಶದಲ್ಲಿ 2020ರ ಒಂದೇ ವರ್ಷ ಸುಮಾರು 3.5 ಕೋಟಿ ಘನ ಮೀಟರ್ ಮರ ಕಡಿದರು. ಅದು ಮಾಮೂಲಿ ವರ್ಷದ ಎರಡು ಪಟ್ಟು. ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚು ಸತ್ತ ಅಥವಾ ಸಾಯುತ್ತಿದ್ದ ಮರ, ಬೇರೆ ದಾರಿಯಿಲ್ಲದೆ ಉರುಳಿಸಿದ್ದು. ಜರ್ಮನಿಯಲ್ಲಿ 2018ರಿಂದ 2021ರ ಏಪ್ರಿಲ್‌ವರೆಗೆ ಸುಮಾರು ಐದು ಲಕ್ಷ ಹೆಕ್ಟೇರ್ ಕಾಡಿನ ಹೊದಿಕೆ ಹೋಯಿತೆಂದು ಅಲ್ಲಿನ ಬಾಹ್ಯಾಕಾಶ ಸಂಸ್ಥೆ ಉಪಗ್ರಹ ಚಿತ್ರಗಳಿಂದ ಲೆಕ್ಕ ಹಾಕಿತು.

ಸಾಲು ಹಿಡಿದು ಒಂದೇ ಜಾತಿ ನೆಟ್ಟವರನ್ನು ಬೈಯುವುದು ಸುಲಭ. ಅವರ ಕಷ್ಟವನ್ನೂ ತಿಳಿದುಕೊಳ್ಳಬೇಕು. ಚೆಕ್ ಗಡಿಯಾಚೆಯ ಸ್ಯಾಕ್ಸನಿಯಲ್ಲಿ ಬೆಳ್ಳಿಯ ಗಣಿಗಳಿದ್ದವು. ಅದಿರು ಕರಗಿಸಲು ಇದ್ದಿಲು ಬೇಕು, ಸುರಂಗ ಕುಸಿಯದಂತೆ ಕಂಬ ಬೇಕು. ಸುತ್ತಲಿನ ಗುಡ್ಡಗಳು ಬೋಳಾದವು. ಗಣಿ ಇಲಾಖೆಯ ಮುಖ್ಯಸ್ಥನಾಗಿದ್ದ ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್ 1713ರಲ್ಲಿ ಒಂದು ದೊಡ್ಡ ಗ್ರಂಥ ಬರೆದು, ಬೆಳೆದಷ್ಟನ್ನೇ ಕಡಿಯಬೇಕು, ಕಡಿದಲ್ಲಿ ಮತ್ತೆ ನೆಡಬೇಕು ಎಂದು ವಾದಿಸಿದ. ಇಂದು ಎಲ್ಲ ಸಮರ್ ಸ್ಕೂಲುಗಳ ಹೆಸರಿನಲ್ಲೂ ಇರುವ ‘ಸುಸ್ಥಿರ’ ಎಂಬ ವಿಚಾರದ ಮೂಲವನ್ನು ಅರಣ್ಯಶಾಸ್ತ್ರದವರು ಅಲ್ಲಿಂದಲೇ ಎಣಿಸುತ್ತಾರೆ. ಮುಂದೆ ಹೈನ್ರಿಶ್ ಕೊಟ್ಟಾ 1811ರಲ್ಲಿ ತನ್ನ ಅರಣ್ಯ ಶಾಲೆಯನ್ನು ಥಾರಾಂಟ್ ಎಂಬ ಊರಿಗೆ ತಂದ. ಈಗ ಅದು ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾಲಯದ ಭಾಗ. ಅಂಥ ಶಾಲೆಗಳಲ್ಲಿ ಕಾಡು ಗಣಿತಕ್ಕೆ ಒಗ್ಗಿತು. ಬೇಗ ಬೆಳೆಯುವ, ನೆಟ್ಟಗೆ ಏರುವ, ಗರಗಸಕ್ಕೆ ಹದವಾದ ಸ್ಪ್ರೂಸ್ ಬೀಚ್ ಮತ್ತು ಓಕ್‌ಗಳ ಜಾಗವನ್ನೆಲ್ಲ ಹಿಡಿಯಿತು. ಮರದ ಬರಗಾಲ ನೀಗಿತು ಎನ್ನುವುದೂ ನಿಜ. ಎಷ್ಟು ಮರ ಬರುತ್ತದೆ ಎಂಬ ಪ್ರಶ್ನೆಗೆ ಆ ಲೆಕ್ಕ ಸರಿಯಾಗಿಯೇ ಉತ್ತರ ಕೊಟ್ಟಿತು. ಮಳೆಯೇ ಬದಲಾದರೆ ಏನು ಎಂಬ ಪ್ರಶ್ನೆ ಅದರಲ್ಲಿ ಇರಲಿಲ್ಲ.

ಈ ಕಥೆಗೂ ನಮಗೂ ನೇರ ನಂಟಿದೆ. 1864ರಲ್ಲಿ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾಗಿ ಬಂದ ಡೀಟ್ರಿಶ್ ಬ್ರಾಂಡಿಸ್ ಜರ್ಮನಿಯ ಬಾನ್ ನಗರದ ಸಸ್ಯವಿಜ್ಞಾನಿ. ಅವನ ನಂತರ ಆ ಕುರ್ಚಿಯಲ್ಲಿ ಕುಳಿತ ವಿಲ್‌ಹೆಲ್ಮ್ ಶ್ಲಿಶ್, ಬರ್ಟೋಲ್ಡ್ ರಿಬೆಂಟ್ರಾಪ್ ಇಬ್ಬರೂ ಜರ್ಮನರೇ. ಭಾರತಕ್ಕೆಂದು ಆರಿಸಿದ ಬ್ರಿಟಿಷ್ ತರುಣರನ್ನು ಆಗ ಜರ್ಮನಿಗೆ ಮತ್ತು ಫ್ರಾನ್ಸಿನ ನಾನ್ಸಿಗೆ ಕಳಿಸಿ ಅರಣ್ಯ ಕಲಿಸುತ್ತಿದ್ದರು. 1878ರಲ್ಲಿ ಡೆಹ್ರಾಡೂನ್‌ನಲ್ಲಿ ಶಾಲೆ ಶುರುವಾದಾಗಲೂ ಪಾಠ ಅಲ್ಲಿಂದಲೇ ಬಂತು. ಕೂಪು ಹಾಕುವುದು, ಸರದಿ ಪ್ರಕಾರ ಬೋಳಿಸಿ ಕಡಿಯುವುದು, ಕಡಿದಲ್ಲಿ ಒಂದೇ ಜಾತಿಯ ನೆಡುತೋಪು ಎಬ್ಬಿಸುವುದು, ಇವೆಲ್ಲ ಉತ್ತರ ಕನ್ನಡದ ಹಳಬರಿಗೆ ಚೆನ್ನಾಗಿ ಗೊತ್ತು. ಅಲ್ಲಿ ಸ್ಪ್ರೂಸ್ ಹಿಡಿದ ಜಾಗವನ್ನು ಇಲ್ಲಿ ತೇಗ ಹಿಡಿಯಿತು, ಆಮೇಲೆ ನೀಲಗಿರಿ, ಅದರ ಬೆನ್ನಿಗೆ ಅಕೇಶಿಯಾ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಕಳಾಸೆ ಕಾಡಿಗೆ ಹೋಗಿ ಮರ ತಬ್ಬಿಕೊಂಡು ಅಪ್ಪಿಕೊ ಚಳವಳಿ ಶುರುಮಾಡಿದ್ದು ಆ ಲೆಕ್ಕಾಚಾರದ ವಿರುದ್ಧವೇ. ಅದಾಗಿ ಎರಡು ವರ್ಷಕ್ಕೆ ಶಿರಸಿಯಲ್ಲೇ ಅರಣ್ಯ ಕಾಲೇಜು ಬಂತು. ಅಲ್ಲಿ ಓದಿದ ಹುಡುಗಿ ಇಂದು ಯುರೋಪಿಗೆ ಹೋದರೆ, ಆ ಪಾಠ ಹುಟ್ಟಿದ ನೆಲದಲ್ಲೇ ಅದನ್ನು ತಿದ್ದುತ್ತಿರುವುದನ್ನು ಕಣ್ಣಾರೆ ನೋಡುತ್ತಾಳೆ. ಯಾವ ಪಠ್ಯಪುಸ್ತಕದಿಂದಲೂ ಅದು ಸಿಗುವುದಿಲ್ಲ.

ತಿದ್ದುವುದು ಹೇಗೆ ಎಂಬುದಕ್ಕೆ ಅಲ್ಲಿ ನನಗೆ ತುಂಬ ಹಿಡಿಸಿದ ಒಂದು ಅಭ್ಯಾಸವನ್ನು ಹೇಳಲೇಬೇಕು. ಅದರ ಹೆಸರು ಮಾರ್ಟೆಲೋಸ್ಕೋಪ್. ಕಾಡಿನಲ್ಲಿ ಒಂದು ಹೆಕ್ಟೇರ್ ಜಾಗ ಗುರುತಿಸಿ, ಅದರೊಳಗಿನ ಪ್ರತಿ ಮರಕ್ಕೂ ಸಂಖ್ಯೆ ಬರೆದಿರುತ್ತಾರೆ. ಪ್ರತಿಯೊಂದರ ಜಾತಿ, ಎದೆಮಟ್ಟದ ದಪ್ಪ, ಎತ್ತರ, ನಾಟದ ಗುಣಮಟ್ಟ, ಪೊಟರೆ ಇದೆಯೇ, ಒಣಕೊಂಬೆ ಇದೆಯೇ, ಹಾವಸೆ ಹಿಡಿದಿದೆಯೇ ಎಂಬುದೆಲ್ಲ ದಾಖಲಾಗಿರುತ್ತದೆ. ಯುರೋಪಿನಲ್ಲಿ ಇಂಥವು ನೂರಕ್ಕೂ ಹೆಚ್ಚಿವೆ. ವಿದ್ಯಾರ್ಥಿಗಳ ಗುಂಪಿಗೆ ಒಂದು ಟ್ಯಾಬ್ಲೆಟ್ ಕೊಟ್ಟು, ಈ ಕಾಡಿನಲ್ಲಿ ಇಷ್ಟು ಪಾಲು ಮರ ತೆಗೆಯಬೇಕು, ಯಾವುದನ್ನು ತೆಗೆಯುತ್ತೀರಿ, ಮಾರ್ಕ್ ಹಾಕಿ ಎನ್ನುತ್ತಾರೆ. ನಿಜವಾಗಿ ಒಂದು ಮರವನ್ನೂ ಕಡಿಯುವುದಿಲ್ಲ. ಗುಂಪು ಮಾರ್ಕ್ ಹಾಕಿ ಮುಗಿಸಿದ ಮೇಲೆ ಪರದೆಯ ಒಂದು ಬದಿಯಲ್ಲಿ ಬಂದ ಹಣ ಯೂರೋ ಲೆಕ್ಕದಲ್ಲಿ ಕಾಣುತ್ತದೆ, ಇನ್ನೊಂದು ಬದಿಯಲ್ಲಿ ಹಕ್ಕಿ, ಹುಳ, ಅಣಬೆಗಳಿಗೆ ಆಸರೆಯಾಗಿದ್ದ ಎಷ್ಟು ಮೌಲ್ಯ ಹೋಯಿತು ಎಂಬುದು ಅಂಕದಲ್ಲಿ ಕಾಣುತ್ತದೆ.

ನಾನು ಹಿಂದೆ ಹಿಂದೆ ಹೋಗುತ್ತಿದ್ದ ಗುಂಪು ಒಂದು ದೊಡ್ಡ ಬೀಚ್ ಮರದ ಬುಡದಲ್ಲಿ ಅಲುಗಾಡದೆ ನಿಂತುಬಿಟ್ಟಿತು. ಬೊಡ್ಡೆ ನೆಟ್ಟಗಿತ್ತು, ಆದರೆ ಎರಡಾಳೆತ್ತರಕ್ಕಿಂತ ಮೇಲೆ ಕಪ್ಪು ಮರಕುಟಿಗ ಕೊರೆದ ಪೊಟರೆ. ಅಲ್ಲಿಯ ಹುಡುಗನೊಬ್ಬ, ‘ಈ ಹೆಕ್ಟೇರಿನಲ್ಲಿ ಹೆಚ್ಚು ಬೆಲೆ ಬರುವ ಮರಗಳಲ್ಲಿ ಇದೂ ಒಂದು, ಇದನ್ನು ಬಿಟ್ಟರೆ ಮಾಲೀಕನಿಗೆ ಏನುಳಿಯುತ್ತದೆ?’ ಎಂದ. ನೇಪಾಳದ ಹುಡುಗಿ, ‘ಮರಕುಟಿಗ ಬಿಟ್ಟುಹೋದ ಪೊಟರೆಗೆ ಗೂಬೆ ಬರುತ್ತದೆ, ಬಾವಲಿ ಬರುತ್ತದೆ. ಇದೊಂದನ್ನು ಬಿಟ್ಟು ಆ ಕಡೆಯ ಮೂರು ಸ್ಪ್ರೂಸ್ ತೆಗೆಯೋಣ’ ಎಂದಳು. ಕೀನ್ಯಾದವನು ಕೇಳಿದ ಪ್ರಶ್ನೆ ಬೇರೆಯೇ: ‘ಇದನ್ನು ತೆಗೆದರೆ ಕೆಳಗೆ ಬಿಸಿಲು ಬೀಳುತ್ತದಲ್ಲ, ಅಲ್ಲಿ ಯಾವ ಸಸಿ ಏಳುತ್ತದೆ?’ ಮೂವರ ಮಾತೂ ಸರಿಯೇ. ಶಿಕ್ಷಕರು ಯಾರ ಪರವೂ ವಹಿಸಲಿಲ್ಲ, ತೀರ್ಮಾನ ಬರೆಯಿರಿ, ಕಾರಣ ಬರೆಯಿರಿ ಎಂದಷ್ಟೇ ಹೇಳಿದರು. ದಾಂಡೇಲಿಯ ಕಾಡಿನಲ್ಲಿ ಮಂಗಟ್ಟೆ ಹಕ್ಕಿ ಗೂಡು ಮಾಡುವ ಹಳೆಯ ಮರವನ್ನು ನೋಡಿ ಬೆಳೆದ ನಮ್ಮ ಮಕ್ಕಳು ಆ ಗುಂಪಿನಲ್ಲಿ ಗಟ್ಟಿಯಾಗಿ ಮಾತಾಡಬಲ್ಲರು ಎಂದು ನನಗೆ ಆಗಲೇ ಅನ್ನಿಸಿತು. ಇಂಥ ಒಂದು ಹೆಕ್ಟೇರ್ ನಮ್ಮ ಪ್ರತಿ ಅರಣ್ಯ ಕಾಲೇಜಿನ ಹತ್ತಿರವೂ ಇರಬೇಕು. ಹಗ್ಗ, ಟೇಪು, ಬಣ್ಣದ ಡಬ್ಬಿ ಮತ್ತು ಒಂದು ತಂಡದ ಕೆಲವು ವಾರಗಳ ಶ್ರಮ ಸಾಕು.

ಮಿಶ್ರ ಕಾಡನ್ನೇ ಉಳಿಸಿಕೊಂಡು ಮರವನ್ನೂ ತೆಗೆಯಬಹುದು ಎಂದು ಮೊದಲೇ ತೋರಿಸಿಕೊಟ್ಟವರು ಯುರೋಪಿನಲ್ಲೂ ಇದ್ದರು. ಸ್ವಿಟ್ಜರ್ಲೆಂಡಿನ ನೂಶಾಟೆಲ್ ಪ್ರಾಂತ್ಯದ ಕೂವೆ ಎಂಬ ಹಳ್ಳಿಯ ಕಾಡಿನಲ್ಲಿ ಆನ್ರಿ ಬಿಯೊಲೆ ಎಂಬ ಅರಣ್ಯಾಧಿಕಾರಿ 1890ರಿಂದ ಬೋಳಿಸುವ ಪದ್ಧತಿಯನ್ನೇ ಕೈಬಿಟ್ಟ. ಎಳೆಯದು, ಹರೆಯದ್ದು, ಮುದಿಯದ್ದು ಎಲ್ಲ ಒಟ್ಟಿಗಿರುವಂತೆ ನೋಡಿಕೊಂಡು, ಅಲ್ಲೊಂದು ಇಲ್ಲೊಂದು ಮರವನ್ನಷ್ಟೇ ತೆಗೆಸಿದ. ಅವನ ಹೆಚ್ಚುಗಾರಿಕೆ ಅಷ್ಟರಲ್ಲೇ ಇಲ್ಲ. ಕೆಲವು ವರ್ಷಗಳಿಗೊಮ್ಮೆ ನಿಂತ ಮರಗಳನ್ನೆಲ್ಲ ಅಳೆಸಿ, ಕಾಡು ನಿಜವಾಗಿ ಎಷ್ಟು ಬೆಳೆದಿದೆ ಎಂದು ನೋಡಿ, ಮುಂದಿನ ಸಲ ಎಷ್ಟು ತೆಗೆಯಬಹುದೆಂದು ತೀರ್ಮಾನಿಸಿದ. ಅವನು ತೀರಿಕೊಂಡ ಮೇಲೂ ಆ ಅಳತೆ ನಿಲ್ಲಲಿಲ್ಲ. ನೂರು ವರ್ಷಕ್ಕೂ ಮೀರಿದ ಆ ಲೆಕ್ಕದ ಪುಸ್ತಕವೇ ಇಂದು ಮಿಶ್ರ ಕಾಡಿನ ಪರ ವಾದಿಸುವವರ ಕೈಯಲ್ಲಿರುವ ಗಟ್ಟಿ ಸಾಕ್ಷಿ.

ಹೊಲದ ಕಡೆಯೂ ಇದೇ ಹುಡುಕಾಟ ನಡೆದಿದೆ. ಫ್ರಾನ್ಸಿನ ಮೊಂಪೆಲಿಯೆ ಹತ್ತಿರ ರೆಸ್ಟಾಂಕ್ಲಿಯೆರ್ ಎಂಬ ಎಸ್ಟೇಟಿನಲ್ಲಿ 1995ರಿಂದ ಗೋಧಿಯ ನಡುವೆ ಅಕ್ರೋಟು ಮರಗಳನ್ನು ಸಾಲಾಗಿ ಬೆಳೆಸಿದ್ದಾರೆ, ಸಾಲಿನ ನಡುವೆ ಕೊಯ್ಲು ಯಂತ್ರ ಓಡಾಡುವಷ್ಟು ಜಾಗ ಬಿಟ್ಟು. ಅಲ್ಲಿ ಗೋಧಿ ಚಳಿಗಾಲದ ಬೆಳೆ. ಅದು ಹಸಿರಾಗಿರುವಾಗ ಅಕ್ರೋಟು ಎಲೆ ಉದುರಿಸಿ ನಿಂತಿರುತ್ತದೆ, ವಸಂತದಲ್ಲೂ ತಡವಾಗಿ ಚಿಗುರುತ್ತದೆ. ಮೇಲುಮಣ್ಣಿನ ನೀರನ್ನು ಗೋಧಿ ಹೀರಿಕೊಳ್ಳುವುದರಿಂದ ಮರದ ಬೇರು ಎಳೆಯದಾಗಿರುವಾಗಲೇ ಆಳಕ್ಕಿಳಿಯುತ್ತದೆ. ಹೀಗೆ ಇಬ್ಬರೂ ಬೇರೆ ಬೇರೆ ಕಾಲದ ಬಿಸಿಲು, ಬೇರೆ ಬೇರೆ ಆಳದ ನೀರು ಬಳಸುತ್ತಾರೆ. ಅಲ್ಲಿನ ಸಂಶೋಧಕರು ಹಾಕಿದ ಲೆಕ್ಕ ಈಗ ಕೃಷಿ ಅರಣ್ಯದ ಪಾಠಗಳಲ್ಲೆಲ್ಲ ಬರುತ್ತದೆ: 100 ಹೆಕ್ಟೇರ್ ಮಿಶ್ರ ಬೆಳೆಯಿಂದ ಬರುವಷ್ಟು ಗೋಧಿ ಮತ್ತು ಮರ, ಎರಡನ್ನೂ ಬೇರೆ ಬೇರೆ ಬೆಳೆದು ಪಡೆಯಬೇಕಾದರೆ 136 ಹೆಕ್ಟೇರ್ ಬೇಕು. ಅಡಿಕೆಗೆ ಕಾಳುಮೆಣಸು ಹಬ್ಬಿಸಿ, ನಡುವೆ ಬಾಳೆ, ನೆರಳಲ್ಲಿ ಏಲಕ್ಕಿ ಹಾಕಿದವರಿಗೆ ಇದು ಹೊಸ ಸುದ್ದಿಯೇ ಅಲ್ಲ. ಆ 136 ಎಂಬ ಅಂಕಿ ಮಾತ್ರ ನಮ್ಮ ಹತ್ತಿರ ಇಲ್ಲ.

ಚೆಕ್ ದೇಶದ ಆ ಶಿಬಿರದಲ್ಲಿ ನಮ್ಮ ಕಡೆಯ ವಿದ್ಯಾರ್ಥಿನಿಯೊಬ್ಬಳು ತನ್ನೂರಿನ ಸೊಪ್ಪಿನಬೆಟ್ಟದ ಬಗ್ಗೆ ಹೇಳಿದಳು. ತೋಟಕ್ಕೆ ಅಂಟಿಕೊಂಡ ಕಾಡು, ಅದರಿಂದ ಹಸಿಸೊಪ್ಪು, ಬೇಸಿಗೆಯಲ್ಲಿ ತರಗೆಲೆ, ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡಿ ಅಡಿಕೆಯ ಬುಡಕ್ಕೆ. ಬ್ರಿಟಿಷರ ಕಾಲದಿಂದ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟದ ಸವಲತ್ತು ಇದೆ ಎಂದಾಗ ಕೇಳುತ್ತಿದ್ದವರು ಮುಂದಕ್ಕೆ ಬಾಗಿ ಕುಳಿತರು. ಪ್ರಾಧ್ಯಾಪಕರು ಕೇಳಿದರು: ಒಂದು ಎಕರೆ ತೋಟಕ್ಕೆ ವರ್ಷಕ್ಕೆ ಎಷ್ಟು ಕಿಲೋ ಸೊಪ್ಪು ಹೋಗುತ್ತದೆ? ಯಾವ ಮರದಿಂದ ಎಷ್ಟು? ಸೊಪ್ಪು ಕಡಿದ ಮತ್ತಿ ಮರ ಮತ್ತೆ ತುಂಬಿಕೊಳ್ಳಲು ಎಷ್ಟು ವರ್ಷ? ಬೆಟ್ಟದಲ್ಲಿ ಹೊಸ ಸಸಿ ಏಳುತ್ತಿದೆಯೇ? ಹುಡುಗಿ ಜಾಣೆ, ಬೆಟ್ಟ ಅವಳಿಗೆ ಅಂಗಳದಷ್ಟೇ ಪರಿಚಿತ. ಆದರೆ ಅಂಕಿ ಅವಳ ಬಳಿ ಇರಲಿಲ್ಲ, ಅವಳಿಗೆ ಪಾಠ ಹೇಳಿದವರೂ ಕೊಟ್ಟಿರಲಿಲ್ಲ. ಮಾತು ಬೇರೆ ದೇಶದವರ ಕಡೆಗೆ ಹೊರಳಿತು. ನನಗೆ ತುಂಬ ಸಂಕಟವಾಯಿತು. ಅಲ್ಲಿದ್ದವರೆಲ್ಲ ಹುಡುಕುತ್ತಿದ್ದ ವ್ಯವಸ್ಥೆಯೊಂದರ ಒಳಗೇ ಹುಟ್ಟಿ ಬೆಳೆದವಳು ಅವಳೊಬ್ಬಳೇ.

ಹೊರಡುವ ಮುಂಚೆ ಮಾಡಬೇಕಾದ ಕೆಲಸ ಎಂದೆನಲ್ಲ, ಅದು ಈ ಅಳತೆ. ಮಾರ್ಚ್ ಏಪ್ರಿಲ್‌ನಲ್ಲಿ ಊರಿಗೆ ಬಂದಾಗ ಮನೆಯ ಬೆಟ್ಟದಲ್ಲಿ ಹಗ್ಗ ಹಿಡಿದು ಕಾಲೆಕರೆ ಗುರುತಿಸಿ. ಒಳಗಿನ ಪ್ರತಿ ಮರದ ಹೆಸರು ಬರೆಯಿರಿ, ಮತ್ತಿ, ಹೊನ್ನೆ, ನಂದಿ, ಕೌಲು, ಯಾವುದಿದ್ದರೆ ಅದು. ಹೆಸರು ಗೊತ್ತಾಗದಿದ್ದರೆ ಅಜ್ಜನನ್ನು ಕೇಳಿ. ಎದೆಮಟ್ಟದ ಸುತ್ತಳತೆ ತೆಗೆಯಿರಿ, ಮೊಣಕಾಲೆತ್ತರದ ಸಸಿಗಳನ್ನೂ ಎಣಿಸಿ. ಸೊಪ್ಪಿನ ಹೊರೆ ಮನೆಗೆ ಬಂದಾಗ ತಕ್ಕಡಿಗೆ ಹಾಕಿ ತೂಕ ಬರೆದಿಡಿ. ಕೊಡಗಿನವರಾದರೆ ಕಾಫಿ ತೋಟದ ನೆರಳಿನ ಮರಗಳನ್ನು ಪಟ್ಟಿ ಮಾಡಿ: ಎಷ್ಟು ಕಾಡುಮರ, ಎಷ್ಟು ಸಿಲ್ವರ್ ಓಕ್, ಅಪ್ಪನ ಕಾಲದಲ್ಲಿ ಎಷ್ಟಿತ್ತು, ಯಾಕೆ ಬದಲಾಯಿತು. ಆ ಯಾಕೆ ಎಂಬುದಕ್ಕೆ ಉತ್ತರ ಬೆಳೆಗಾರರ ಇಷ್ಟದಲ್ಲಷ್ಟೇ ಇಲ್ಲ, ಕಾನೂನಿನಲ್ಲೂ ಇದೆ. ಮರದ ಹಕ್ಕು ಸರ್ಕಾರದಲ್ಲೇ ಉಳಿದ ಜಮೀನಿನಲ್ಲಿ ಕಾಡುಮರ ಬೆಳೆಸಿದವನಿಗೆ ಅದರ ಬೆಲೆ ಸಿಗುವುದಿಲ್ಲ, ಕಡಿಯಲು ಅಡ್ಡಿಯಿಲ್ಲದ ಸಿಲ್ವರ್ ಓಕ್ ಬೆಳೆಸಿದವನಿಗೆ ಸಿಗುತ್ತದೆ. ಇಷ್ಟನ್ನು ಎರಡು ಪುಟದಲ್ಲಿ ಬರೆದು ಅರ್ಜಿಯ ಜೊತೆ ಲಗತ್ತಿಸಿದರೆ, ‘ಪ್ರಕೃತಿಯ ಬಗ್ಗೆ ನನಗೆ ಬಾಲ್ಯದಿಂದಲೂ ಒಲವು’ ಎಂದು ಶುರುವಾಗುವ ಹತ್ತು ಪತ್ರಗಳಿಗಿಂತ ಅದಕ್ಕೆ ತೂಕ ಹೆಚ್ಚು. ಶುಲ್ಕ ರಿಯಾಯಿತಿ ಕೇಳುವಾಗಲೂ ಅದೇ ನೆರವಿಗೆ ಬರುತ್ತದೆ.

ಶಾಲೆ ಆರಿಸುವಾಗ ಹೆಸರಿಗೆ ಮರುಳಾಗಬೇಡಿ, ವೇಳಾಪಟ್ಟಿ ತರಿಸಿಕೊಂಡು ನೋಡಿ. ಅರ್ಧಕ್ಕಿಂತ ಹೆಚ್ಚು ದಿನ ಕಾಡು ಹೊಲಗಳಲ್ಲಿ ಕಳೆಯದ, ನಗರದರ್ಶನಕ್ಕೇ ಹೆಚ್ಚು ಹೊತ್ತು ಇಟ್ಟ ಕಾರ್ಯಕ್ರಮಕ್ಕೆ ಅಷ್ಟು ಹಣ ಸುರಿಯುವುದು ಬೇಡ. ವಿಶ್ವವಿದ್ಯಾಲಯಕ್ಕೆ ಸ್ವಂತ ಕಾಡು, ಸ್ವಂತ ಫಾರ್ಮ್ ಇದೆಯೇ ಎಂದು ಕೇಳಿ. ವೀಸಾ ವಿಷಯ ಚಿಕ್ಕದು, ಆದರೆ ಎಡವುವುದು ಅಲ್ಲೇ. ಷೆಂಗೆನ್ ದೇಶಗಳಿಗೆ 90 ದಿನದೊಳಗಿನ ವೀಸಾ ಸಾಕು, ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟಿಗೆ ನೂಕುನುಗ್ಗಲು, ಪ್ರವೇಶಪತ್ರ ಕೈಗೆ ಬಂದ ದಿನವೇ ಅದನ್ನು ಹಿಡಿಯಬೇಕು. ಅಲ್ಲಿ ಬೇಸಿಗೆ ಎಂದರೆ ಇಲ್ಲಿ ಆಷಾಢದ ಜಡಿಮಳೆ, ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವ ಕಾಲ, ಕಾಲೇಜುಗಳಲ್ಲಿ ತರಗತಿ ನಡೆಯುವ ಸಮಯ. ಹಾಜರಾತಿಯ ವಿಷಯವನ್ನು ಪ್ರಾಂಶುಪಾಲರಿಂದ ಬರಹದಲ್ಲೇ ಪಡೆದುಕೊಳ್ಳಿ.

ನನಗಿರುವ ಇನ್ನೊಂದು ಆಸೆಯನ್ನೂ ಹೇಳಿಬಿಡುತ್ತೇನೆ. ಈ ಪ್ರಯಾಣ ಒಂದೇ ದಿಕ್ಕಿಗೆ ನಡೆಯುತ್ತಿರುವುದು ನ್ಯಾಯವಲ್ಲ. ಪೊನ್ನಂಪೇಟೆಯ ಅರಣ್ಯ ಕಾಲೇಜಿನ ಜೊತೆ ಸೇರಿ ಸ್ವಿಸ್ ಮತ್ತು ಫ್ರೆಂಚ್ ಸಂಶೋಧಕರು ಕೊಡಗಿನ ಕಾಫಿ ತೋಟ, ದೇವರಕಾಡುಗಳಲ್ಲಿ ವರ್ಷಗಟ್ಟಲೆ ಅಧ್ಯಯನ ನಡೆಸಿದ್ದಾರೆ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ, ಶಿರಸಿಯ ಸುತ್ತ ನೂರಾರು ಊರುಗಳ ಬೆಟ್ಟಗಳಿವೆ. ಸಂಶೋಧಕರು ಬಂದು ಹೋಗುವುದಷ್ಟೇ ಸಾಲದು, ನಮ್ಮ ಎರಡು ಅರಣ್ಯ ಕಾಲೇಜುಗಳು ಒಟ್ಟಾಗಿ ಜಗತ್ತಿನ ವಿದ್ಯಾರ್ಥಿಗಳಿಗೆ ತಾವೇ ಒಂದು ಶಾಲೆ ನಡೆಸಬೇಕು. ಮಳೆ ನಿಂತು ದಾರಿ ಒಣಗಿದ ಡಿಸೆಂಬರ್ ಅದಕ್ಕೆ ಸರಿಯಾದ ತಿಂಗಳು. ಒಂದು ವಾರ ಪೊನ್ನಂಪೇಟೆಯಲ್ಲಿ, ಕಾಫಿ ಕೊಯ್ಲಿನ ನಡುವೆ. ಇನ್ನೊಂದು ವಾರ ಶಿರಸಿಯಲ್ಲಿ, ಕೊನೆಗೌಡ ಅಡಿಕೆ ಇಳಿಸುವ ಹೊತ್ತಿನಲ್ಲಿ. ಪಾಠ ಹೇಳುವವರಲ್ಲಿ ಪ್ರಾಧ್ಯಾಪಕರ ಜೊತೆಗೆ ಬೆಟ್ಟ ಕಾದವರೂ ಇರಲಿ, ಅವರಿಗೂ ಪ್ರಾಧ್ಯಾಪಕರಷ್ಟೇ ಗೌರವಧನ ಸಿಗಲಿ. ಅಷ್ಟರೊಳಗೆ ನಾಲ್ಕಾರು ವಿದ್ಯಾರ್ಥಿಗಳು ತಮ್ಮ ಕಾಲೆಕರೆಯ ಅಳತೆ ಮುಗಿಸಿದ್ದರೆ ಮೊದಲ ವರ್ಷದ ಪಾಠಕ್ಕೆ ಬೇಕಾದ ಅಂಕಿಗಳು ಸಿದ್ಧವಿರುತ್ತವೆ. ಅಳತೆ ಮಾಡಿದವರು ಪಟ್ಟಿಯ ಒಂದು ಪ್ರತಿಯನ್ನು ಈ ಅಂಕಣಕ್ಕೂ ಕಳಿಸಿಕೊಡಿ. ಎರಡು ಕಾಲೇಜುಗಳ ಮುಂದೆ ಈ ಮಾತು ಇಡುವಾಗ ಅವನ್ನೂ ಜೊತೆಗೆ ಒಯ್ಯುತ್ತೇನೆ.